ಕಾರ್ಡುಗಳ ಇನಾಮೂ ಗೃಹಸ್ಥನ ಲೆಕ್ಕವೂ

ಸಾಲ ಕೊಡುವವನು ತಾನಾಗಿಯೇ ಮನೆಯ ಬಾಗಿಲಿಗೆ ಬಂದು, ಸಾಲ ತೆಗೆದುಕೊಂಡರೆ ಮೇಲೆ ಇನಾಮನ್ನೂ ಕೊಡುತ್ತೇನೆಂದು ಹೇಳುವ ಕಾಲವು ಒದಗಿದೆ. ಹಿಂದಕ್ಕೆ ಸಾಲ ಬೇಡುವವನು ಸಾವುಕಾರನ ಕಟ್ಟೆಯ ಮೇಲೆ ತಾಸುಗಟ್ಟಲೆ ಕಾದು ಕುಳಿತಿರಬೇಕಾಗುತ್ತಿತ್ತು. ಈಗ ಬೇಂಕಿನ ಪ್ರತಿನಿಧಿಯು ನವಲಗುಂದದ ಮಾಸ್ತರರನ್ನೂ, ಕುಂದಗೋಳದ ಕಚೇರಿಯ ಗುಮಾಸ್ತರನ್ನೂ, ಕಲಘಟಗಿಯ ಅಂಗಡಿಕಾರರನ್ನೂ, ಅಣ್ಣಿಗೇರಿಯ ದಲಾಲರನ್ನೂ ಫೋನಿನ ಮೇಲೆ ಹಿಡಿದು, ಒಂದು ಕಾರ್ಡು ಇದ್ದರೆ ಎರಡನೆಯದನ್ನೂ, ಎರಡಿದ್ದರೆ ಮೂರನೆಯದನ್ನೂ ಸ್ವೀಕರಿಸಬೇಕೆಂದು ಬೆನ್ನು ಹತ್ತುತ್ತಾನೆ. ದೇಶದಲ್ಲಿ ಚಾಲ್ತಿಯಲ್ಲಿರುವ ಕ್ರೆಡಿಟ್ ಕಾರ್ಡುಗಳ ಸಂಖ್ಯೆಯು 2024ನೆಯ ಇಸವಿಯ ಮೊದಲ ತಿಂಗಳುಗಳಲ್ಲಿಯೇ ಹತ್ತು ಕೋಟಿಯನ್ನು ದಾಟಿತು. ಆದುದರಿಂದ, ಕೈಗೆ ಬಂದ ಇಷ್ಟು ಕಾರ್ಡುಗಳಲ್ಲಿ ಯಾವದನ್ನು ಇಟ್ಟುಕೊಳ್ಳಬೇಕು, ಯಾವದನ್ನು ತಿರುಗಿ ಕೊಡಬೇಕು ಎಂಬ ಪ್ರಶ್ನೆಯು ಈಗ ದೊಡ್ಡ ಪಟ್ಟಣಗಳ ಶ್ರೀಮಂತರ ವಿನೋದದ ಪ್ರಶ್ನೆಯಾಗಿ ಉಳಿದಿಲ್ಲ. ಅದು ನಮ್ಮ ತಾಲೂಕುಗಳ ಸಾಮಾನ್ಯ ಗೃಹಸ್ಥನ ಹೊಟ್ಟೆ ಬಟ್ಟೆಯ ಪ್ರಶ್ನೆಯಾಗಿ ನಿಂತಿದೆ.

ಈ ಕಾರ್ಡುಗಳು ನಮ್ಮ ಊರುಗಳ ವರೆಗೆ ಹ್ಯಾಗೆ ಬಂದವೆಂಬದನ್ನು ಮೊದಲು ನೋಡಬೇಕು. ಕಾರ್ಡನ್ನು ತಿಕ್ಕುವ ಯಂತ್ರವು ಹಳ್ಳಿಯ ಕಿರಾಣಿ ಅಂಗಡಿಗೆ ಎಲ್ಲಿಂದ ಬರಬೇಕು? ಆದರೆ ಯುಪಿಐಯ ಚಿತ್ರಫಲಕವು ಚಹದ ಅಂಗಡಿಯ ಗೋಡೆಯ ಮೇಲೂ ತೂಗತೊಡಗಿತು. 2022ರ ಜೂನಿನಲ್ಲಿ ರಿಝರ್ವ್ ಬೇಂಕು ರುಪೇ ಕ್ರೆಡಿಟ್ ಕಾರ್ಡುಗಳನ್ನು ಯುಪಿಐಗೆ ಜೋಡಿಸಲಾಗುವದೆಂದು ಸಾರಿತು. ಅದೇ ವರುಷದ ಸಪ್ಟೆಂಬರದಲ್ಲಿ ಆ ಏರ್ಪಾಡು ಜಾರಿಗೆ ಬಂತು. ಅಂದಿನಿಂದ, ಕಾಯಿಪಲ್ಲೆಗೆ ರೊಕ್ಕ ಕೊಡುವ ಅದೇ ಮೊಬೈಲಿನಿಂದ ಸಾಲದ ರೊಕ್ಕವನ್ನೂ ಕೊಡುವದು ಸಾಧ್ಯವಾಯಿತು. ಇನ್ನೊಂದು ಕಾರಣವೂ ಉಂಟು. 2020ರ ಜನವರಿಯಿಂದ ಯುಪಿಐ ಹಾಗೂ ರುಪೇ ಡೆಬಿಟ್ ಕಾರ್ಡುಗಳ ವ್ಯವಹಾರಕ್ಕೆ ವ್ಯಾಪಾರಿಗಳಿಂದ ಶುಲ್ಕ ತೆಗೆದುಕೊಳ್ಳುವದನ್ನು ಸರಕಾರವು ನಿಲ್ಲಿಸಿತು. ಗಿರಾಕಿಯು ತನ್ನ ಸ್ವಂತದ ರೊಕ್ಕವನ್ನು ಖರ್ಚು ಮಾಡಿದರೆ ಬೇಂಕಿಗೆ ಆ ವ್ಯವಹಾರದಿಂದ ಹುಟ್ಟುವಳಿಯಿಲ್ಲ. ಸಾಲದ ರೊಕ್ಕವನ್ನು ಖರ್ಚು ಮಾಡಿದರೆ ಉಂಟು. ಇಷ್ಟನ್ನು ತಿಳಿದವರಿಗೆ ಬೇಂಕಿನ ಪ್ರತಿನಿಧಿಯ ಉತ್ಸಾಹದ ಮೂಲವನ್ನು ಬೇರೆ ಹೇಳಬೇಕಾಗಿಲ್ಲ.

ಇದರೊಡನೆ ಬೇಂಕುಗಳ ಕೂಡುವಿಕೆಯೂ ಗೃಹಸ್ಥನ ಕಿಸೆಯನ್ನು ಗೊಂದಲಕ್ಕೀಡು ಮಾಡಿದೆ. ವಿಜಯಾ ಬೇಂಕು 2019ರ ಏಪ್ರಿಲ್ 1ರಂದು ಬರೋಡಾ ಬೇಂಕಿನಲ್ಲಿಯೂ, ಸಿಂಡಿಕೇಟ್ ಬೇಂಕು 2020ರ ಏಪ್ರಿಲ್ 1ರಂದು ಕೆನರಾ ಬೇಂಕಿನಲ್ಲಿಯೂ, ಕಾರ್ಪೊರೇಶನ್ ಬೇಂಕು ಅದೇ ದಿನ ಯೂನಿಯನ್ ಬೇಂಕಿನಲ್ಲಿಯೂ ಲೀನವಾದವು. ಧಾರವಾಡದಲ್ಲಿ ಮುಖ್ಯ ಕಚೇರಿಯಿದ್ದ ಕರ್ನಾಟಕ ವಿಕಾಸ ಗ್ರಾಮೀಣ ಬೇಂಕು 2025ರ ಮೇ 1ರಿಂದ ಬಳ್ಳಾರಿಯಲ್ಲಿ ಮುಖ್ಯ ಕಚೇರಿಯುಳ್ಳ ಕರ್ನಾಟಕ ಗ್ರಾಮೀಣ ಬೇಂಕಿನಲ್ಲಿ ಒಂದಾಯಿತು. ಎರಡು ಬೇಂಕುಗಳಲ್ಲಿ ಖಾತೆಯಿದ್ದವನು ಒಂದೇ ಬೇಂಕಿನ ಎರಡು ಕಾರ್ಡುಗಳ ಒಡೆಯನಾದನು. ಹೀಗೆ ಸೇರಿಕೊಂಡ ಕಾರ್ಡುಗಳಲ್ಲಿ ಯಾವದಕ್ಕೆ ವಾರ್ಷಿಕ ಶುಲ್ಕವಿದೆ, ಯಾವದಕ್ಕೆ ಇಲ್ಲ ಎಂಬದನ್ನು ಎಷ್ಟು ಜನರು ವಿಚಾರಿಸಿದ್ದಾರೆ?

ಇನಾಮಿನ ರೊಕ್ಕವು ಆಕಾಶದಿಂದ ಉದುರುವದಿಲ್ಲ. ಅದು ಮೂರು ಕಡೆಯಿಂದ ಬರುತ್ತದೆ. ಕಾರ್ಡುದಾರನೇ ಕೊಡುವ ವಾರ್ಷಿಕ ಶುಲ್ಕವು ಒಂದು. ವ್ಯಾಪಾರಿಯು ತನ್ನ ಮಾರಾಟದ ಮೇಲೆ ಬೇಂಕಿಗೆ ಕೊಡುವ ಶುಲ್ಕವು ಎರಡನೆಯದು. ಅವಧಿಯಲ್ಲಿ ಹಣ ತುಂಬಲಾರದವರು ಕೊಡುವ ಬಡ್ಡಿ ಮತ್ತು ದಂಡವು ಮೂರನೆಯದು. ವ್ಯಾಪಾರಿಯು ತನ್ನ ಶುಲ್ಕವನ್ನು ಸಾಮಾನಿನ ಬೆಲೆಯಲ್ಲಿ ಸೇರಿಸಿಕೊಳ್ಳುವನಾದ್ದರಿಂದ, ರೊಕ್ಕ ಎಣಿಸಿ ಕೊಡುವ ಬಡವನು ಕಾರ್ಡಿನವನ ಇನಾಮಿಗೆ ವರ್ಗಣಿ ಕೊಟ್ಟಂತಾಗುವದು. ಅಮೇರಿಕದ ಬೋಸ್ಟನ್ ಫೆಡರಲ್ ರಿಝರ್ವ್ ಬೇಂಕಿನ ಅರ್ಥಶಾಸ್ತ್ರಜ್ಞರು 2010ರಲ್ಲಿ ಈ ಲೆಕ್ಕವನ್ನು ತೆಗೆದು, ಆ ದೇಶದಲ್ಲಿ ರೊಕ್ಕದಿಂದ ಕೊಳ್ಳುವ ಒಂದು ಕುಟುಂಬವು ಸರಾಸರಿ ವರ್ಷಕ್ಕೆ 149 ಡಾಲರುಗಳನ್ನು ಕಾರ್ಡಿನ ಕುಟುಂಬಗಳಿಗೆ ದಾಟಿಸುತ್ತದೆಂದು ತೋರಿಸಿದರು. ಯುರೋಪಿನ ಒಕ್ಕೂಟವು 2015ರಲ್ಲಿ ಕ್ರೆಡಿಟ್ ಕಾರ್ಡಿನ ವ್ಯವಹಾರದಲ್ಲಿ ಬೇಂಕುಗಳ ನಡುವಣ ಶುಲ್ಕಕ್ಕೆ ನೂರಕ್ಕೆ 0.3ರ ಮಿತಿಯನ್ನು ಹಾಕಿದ್ದು ಇಂಥ ವಿಚಾರಗಳ ಫಲವೇ ಆಗಿದೆ. ನಮ್ಮಲ್ಲಿ ಕೆಲ ಅಂಗಡಿಕಾರರು ಬೆಲೆಯಲ್ಲಿ ಬಚ್ಚಿಡದೆ, ಕಾರ್ಡಾದರೆ ನೂರಕ್ಕೆ ಎರಡು ಹೆಚ್ಚು ಎಂದು ಎದುರಿಗೇ ಹೇಳಿಬಿಡುತ್ತಾರೆ. ನೂರಕ್ಕೆ ಒಂದು ಇನಾಮಿಗಾಗಿ ನೂರಕ್ಕೆ ಎರಡು ಹೆಚ್ಚು ಕೊಡುವ ವ್ಯವಹಾರಕ್ಕೆ ಲಾಭವೆಂದು ಹೆಸರಿಡುವ ಬುದ್ಧಿವಂತರೂ ಇದ್ದಾರೆ!

ಈಗ ಲೆಕ್ಕಕ್ಕೆ ಬರೋಣ. ತಿಂಗಳಿಗೆ 20,000 ರೂಪಾಯಿಗಳನ್ನು ಕಾರ್ಡಿನಿಂದ ಖರ್ಚು ಮಾಡುವ ಒಬ್ಬ ಪಗಾರದಾರನನ್ನು ಉದಾಹರಣೆಗೆ ತೆಗೆದುಕೊಳ್ಳುವಾ. ವರ್ಷದ ಖರ್ಚು 2,40,000 ರೂ. ಮೊದಲನೆಯ ಕಾರ್ಡು ನೂರು ರೂಪಾಯಿಗೆ ಒಂದು ಅಂಕ ಕೊಡುವದು. ಅಂಕವೊಂದರ ಬೆಲೆ ನಾಲ್ಕಾಣೆ ಮಾತ್ರ. ವರ್ಷದ ಇನಾಮು 600 ರೂ. ವಾರ್ಷಿಕ ಶುಲ್ಕ 499 ರೂ., ಅದರ ಮೇಲೆ ನೂರಕ್ಕೆ 18ರಂತೆ ಜಿಎಸ್‌ಟಿ ಸೇರಿ 589 ರೂ. ಉಳಿದದ್ದು ಹನ್ನೊಂದೇ ರೂಪಾಯಿ. ಅಂಕಗಳನ್ನು ನಗದು ಮಾಡಿಕೊಳ್ಳಲು 99 ರೂಪಾಯಿಗಳ ಶುಲ್ಕವೂ ಅದರ ಮೇಲಿನ ತೆರಿಗೆಯೂ ಬಿದ್ದರೆ ಗೃಹಸ್ಥನಿಗೆ 106 ರೂಪಾಯಿ ನಷ್ಟ. ಎರಡನೆಯ ಕಾರ್ಡು ಒಂದು ಆನ್‌ಲೈನ್ ಅಂಗಡಿಯಲ್ಲಿ ಮಾತ್ರ ನೂರಕ್ಕೆ 5 ತಿರುಗಿ ಕೊಡುವದು. ಶುಲ್ಕ 999 ರೂ., ತೆರಿಗೆ ಸೇರಿ 1,179 ರೂ. ಆ ಅಂಗಡಿಯಲ್ಲಿ ತಿಂಗಳಿಗೆ 2,000 ರೂಪಾಯಿಗಳ ಸಾಮಾನು ತರಿಸುವವನಿಗೆ ವರ್ಷಕ್ಕೆ 1,200 ರೂ. ಬಂದು 21 ರೂ. ಉಳಿಯುವದು. ಮೂರನೆಯದು ಶುಲ್ಕವಿಲ್ಲದ ರುಪೇ ಕಾರ್ಡು. ನೂರಕ್ಕೆ ಒಂದು ಇನಾಮು. ಪೆಟ್ರೋಲು, ಮನೆ ಬಾಡಿಗೆ, ಸರಕಾರಿ ಕರ ಮೊದಲಾದವುಗಳಿಗೆ ಇನಾಮಿಲ್ಲವೆಂದು ಬಹಳ ಕಾರ್ಡುಗಳ ಶರತ್ತುಗಳಲ್ಲಿ ಇರುವದರಿಂದ ಖರ್ಚಿನ ಅರ್ಧವನ್ನೇ ಹಿಡಿದರೂ ವರ್ಷಕ್ಕೆ 1,200 ರೂಪಾಯಿ ಕೈಯಲ್ಲಿ ಉಳಿಯುವದು. ಜಾಹೀರಾತಿನಲ್ಲಿ ಎಲ್ಲಕ್ಕೂ ಮಂಕಾಗಿ ಕಾಣುವ ಕಾರ್ಡೇ ಲೆಕ್ಕದಲ್ಲಿ ಮುಂದಾಯಿತು.

ಆದರೆ ಈ ಲಾಭವೂ ಒಂದು ಶರತ್ತಿಗೆ ಒಳಪಟ್ಟದ್ದು. ಆ ಶರತ್ತು ಯಾವದೆಂದರೆ, ತಿಂಗಳ ಬಿಲ್ಲನ್ನು ಅವಧಿಯೊಳಗೆ ಪೂರ್ತಿಯಾಗಿ ತುಂಬುವದು. ಕ್ರೆಡಿಟ್ ಕಾರ್ಡಿನ ಬಡ್ಡಿಯು ಬಹುತರವಾಗಿ ತಿಂಗಳಿಗೆ ನೂರಕ್ಕೆ ಮೂರೂವರೆ. ಎಂದರೆ ವರ್ಷಕ್ಕೆ ನೂರಕ್ಕೆ 42. 20,000 ರೂಪಾಯಿ ಬಾಕಿಯು ಒಂದು ತಿಂಗಳು ಉಳಿದರೆ ಬಡ್ಡಿ 700 ರೂ., ಬಡ್ಡಿಯ ಮೇಲೆ ತೆರಿಗೆ 126 ರೂ., ಒಟ್ಟು 826 ರೂ.; ತಡವಾದುದರ ದಂಡ ಬೇರೆ. ಮೂರನೆಯ ಕಾರ್ಡಿನ ವರ್ಷದ ಲಾಭದಲ್ಲಿ ಮೂರರಲ್ಲಿ ಎರಡು ಪಾಲಿಗಿಂತ ಹೆಚ್ಚನ್ನು ಒಂದೇ ತಿಂಗಳ ಮರೆವು ನುಂಗಿತು. 'ಕನಿಷ್ಠ ಮೊತ್ತ' ಎಂದು ಬಿಲ್ಲಿನಲ್ಲಿ ಅಚ್ಚಾಗಿರುವ ಸಣ್ಣ ಸಂಖ್ಯೆಯನ್ನು ನಂಬಿ 1,000 ರೂಪಾಯಿಗಳನ್ನು ಮಾತ್ರ ತುಂಬಿದವನ ಅಸಲಿನಲ್ಲಿ 174 ರೂಪಾಯಿಯಷ್ಟೇ ಇಳಿಯುವದು. ಅದಲ್ಲದೆ, ಬಾಕಿ ಉಳಿದಿರುವಾಗ ಮಾಡಿದ ಹೊಸ ಖರೀದಿಗೂ ಬಡ್ಡಿಯಿಲ್ಲದ ದಿನಗಳ ಸವಲತ್ತು ತಪ್ಪಿಹೋಗುವದು. ಕಾರ್ಡಿನಿಂದ ನಗದು ಹಣ ತೆಗೆದವನಿಗಂತೂ ಆ ಸವಲತ್ತು ಮೊದಲಿನಿಂದಲೇ ಇಲ್ಲ. ತೆಗೆದ ದಿನದಿಂದಲೇ ಬಡ್ಡಿ, ಮೇಲೆ ಶುಲ್ಕ.

ಈ ಬಡ್ಡಿಗೆ ಕಾಯದೆಯ ಅಂಕುಶವಿಲ್ಲವೇ ಎಂದು ವಾಚಕರು ಕೇಳಬಹುದು. ರಾಷ್ಟ್ರೀಯ ಗ್ರಾಹಕ ಆಯೋಗವು 2008ರ ಜುಲೈಯಲ್ಲಿ ನೂರಕ್ಕೆ 30ಕ್ಕಿಂತ ಹೆಚ್ಚಿನ ಬಡ್ಡಿಯು ಅನುಚಿತ ವ್ಯಾಪಾರ ಪದ್ಧತಿಯೆಂದು ತೀರ್ಪು ಕೊಟ್ಟಿತ್ತು. ಬೇಂಕುಗಳು ಸುಪ್ರೀಂ ಕೋರ್ಟಿಗೆ ಹೋದವು. 2024ರ ಡಿಸೆಂಬರ 20ರಂದು ಆ ಕೋರ್ಟು ಆಯೋಗದ ತೀರ್ಪನ್ನು ರದ್ದು ಮಾಡಿತು. ಆದುದರಿಂದ ಆ 30ರ ಗೆರೆಯನ್ನು ನಂಬಿ ಕೂಡ್ರುವಂತಿಲ್ಲ. ಗೃಹಸ್ಥನಿಗೆ ಅವನ ಜಾಗರೂಕತೆಯೇ ಅಂಕುಶ.

ನಮ್ಮ ತಾಲೂಕುಗಳ ವಿಶೇಷ ಪರಿಸ್ಥಿತಿಯನ್ನು ಇಲ್ಲಿ ಹೇಳದೆ ವಿಧಿಯಿಲ್ಲ. ಕಾರ್ಡಿನ ಪಂಚಾಂಗ ಬೇರೆ, ಒಕ್ಕಲಿಗನ ಪಂಚಾಂಗ ಬೇರೆ. ಕಾರ್ಡಿಗೆ ಪ್ರತಿ ತಿಂಗಳೂ ಸುಗ್ಗಿ. ನವಲಗುಂದ ಅಣ್ಣಿಗೇರಿಗಳ ಎರೆಭೂಮಿಯ ರೈತನಿಗೆ ಮುಂಗಾರಿಯ ಹೆಸರು ಬಂದರೆ ಒಮ್ಮೆ, ಹಿಂಗಾರಿಯ ಕಡಲೆ ಬಂದರೆ ಒಮ್ಮೆ, ಹತ್ತಿ ಮೆಣಸಿನಕಾಯಿಗಳು ಕೈಹಿಡಿದರೆ ಇನ್ನೊಮ್ಮೆ ರೊಕ್ಕ ಕಾಣುವದು. ಕಲಘಟಗಿಯ ಭತ್ತ ಗೋವಿನಜೋಳದವನ ಗತಿಯೂ ಅಷ್ಟೇ. ಪೇಟೆಯ ವ್ಯಾಪಾರಿಯ ವಸೂಲಿಯೂ ರೈತನ ಸುಗ್ಗಿಯನ್ನೇ ಕಾಯುವದು. ಅಂಗಡಿಯ ಉದ್ದರಿಯಲ್ಲಿ ಎಷ್ಟೇ ದೋಷಗಳಿದ್ದರೂ ಅದು ಮಳೆಯ ಮೋಡವನ್ನು ನೋಡಿ ತಗಾದೆ ಮಾಡುತ್ತಿತ್ತು. ಕಾರ್ಡಿನ ಯಂತ್ರಕ್ಕೆ ಮಳೆಯೂ ತಿಳಿಯದು, ಮುಖವೂ ತಿಳಿಯದು. ಲಾಭವು ಕೈಗೆ ಹತ್ತುವ ಮೊದಲೇ ಬರುವ ತಗಾದೆಯ ಉರಿ ಎಂಥದೆಂಬದನ್ನು ಈ ನಾಡು ಅರಿಯದ್ದಲ್ಲ. ಮಲಪ್ರಭೆಯ ನೀರಿನ ಹೆಸರಿನ ಮೇಲೆ ಹೇರಿದ ಅಭಿವೃದ್ಧಿ ಕರದ ವಿರುದ್ಧ 1980ರ ಜುಲೈ 21ರಂದು ನವಲಗುಂದ ನರಗುಂದಗಳಲ್ಲಿ ನಡೆದದ್ದನ್ನು ಯಾರೂ ಮರೆತಿಲ್ಲ. ಆದುದರಿಂದ ತಿಂಗಳ ಪಗಾರವಿಲ್ಲದವನು ಇನಾಮಿನ ಆಸೆಗೆ ಬಿದ್ದು ಬೀಜ ಗೊಬ್ಬರದ ಖರ್ಚನ್ನು ಕ್ರೆಡಿಟ್ ಕಾರ್ಡಿನ ಮೇಲೆ ಹಾಕುವದು ಸರ್ವಥಾ ಸಲ್ಲದೆಂದು ನಾವು ಸ್ಪಷ್ಟವಾಗಿ ಹೇಳುತ್ತೇವೆ.

ಅಂಥವನಿಗೆ ಬೇರೆ ಕಾರ್ಡು ಇದೆ. ಆರ್. ವಿ. ಗುಪ್ತಾ ಸಮಿತಿಯ ಶಿಫಾರಸಿನಿಂದ 1998ರಲ್ಲಿ ಹುಟ್ಟಿದ ಕಿಸಾನ್ ಕ್ರೆಡಿಟ್ ಕಾರ್ಡಿಗೆ ಇನಾಮಿನ ಅಂಕಗಳಿಲ್ಲ, ವಿಮಾನ ನಿಲ್ದಾಣದ ಲಾಂಜಿಲ್ಲ, ಬಣ್ಣದ ಜಾಹೀರಾತಿಲ್ಲ. ಆದರೆ ಮೂರು ಲಕ್ಷದ ವರೆಗಿನ ಬೆಳೆಸಾಲಕ್ಕೆ ಬಡ್ಡಿಯು ನೂರಕ್ಕೆ 7. ಅವಧಿಯೊಳಗೆ ತೀರಿಸಿದವನಿಗೆ 3 ಬಿಟ್ಟು ಕೊಡುವದರಿಂದ ನಿಜವಾಗಿ ಬೀಳುವದು 4. ಹಾಗಾದರೆ 20,000 ರೂಪಾಯಿಗೆ ಇಡಿಯ ಒಂದು ವರುಷದ ಬಡ್ಡಿ 800 ರೂ. ಕ್ರೆಡಿಟ್ ಕಾರ್ಡಿನಲ್ಲಿ ಅಷ್ಟೇ ಹಣಕ್ಕೆ ಒಂದು ತಿಂಗಳಿಗೆ ತೆರಿಗೆ ಸಹಿತ 826 ರೂಪಾಯಿಯೆಂದು ಮೇಲೆ ಕಂಡೆವು. ಇದರ ವರುಷವು ಅದರ ತಿಂಗಳಿಗಿಂತ ಅಗ್ಗ! ಸಹಕಾರಿ ಸಂಘದ ಮಾತನ್ನು ಹೇಳುವದಾದರೆ, ರಾಜ್ಯ ಸರಕಾರವು ಬಡ್ಡಿಯಿಲ್ಲದ ಅಲ್ಪಾವಧಿ ಬೆಳೆಸಾಲದ ಮಿತಿಯನ್ನು 3 ಲಕ್ಷದಿಂದ 5 ಲಕ್ಷಕ್ಕೆ ಏರಿಸುವದಾಗಿ 2023ರ ಜುಲೈ ಮುಂಗಡಪತ್ರದಲ್ಲಿ ಸಾರಿತು. ಅವಧಿಯಲ್ಲಿ ತೀರಿಸುವ ಸದಸ್ಯನಿಗೆ ಬಡ್ಡಿಯೇ ಇಲ್ಲವೆಂಬದಕ್ಕಿಂತ ದೊಡ್ಡ ಇನಾಮು ಯಾವದು?

1905ರಲ್ಲಿ, ಆಗ್ಗೆ ಧಾರವಾಡ ಜಿಲ್ಲೆಗೆ ಸೇರಿದ್ದ ಗದಗ ತಾಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಪತ್ತಿನ ಸಹಕಾರಿ ಸಂಘವನ್ನು ಕಟ್ಟಿದಾಗ ಅವರ ಮುಂದಿದ್ದ ಪ್ರಶ್ನೆಯು ಇಂದಿನದೇ: ಸಾಲವಿಲ್ಲದೆ ಒಕ್ಕಲುತನ ನಡೆಯದು, ಆದರೆ ಸಾಲವು ಒಕ್ಕಲಿಗನನ್ನು ತಿನ್ನಬಾರದು. ನೆರೆಹೊರೆಯವರು ಒಬ್ಬರನ್ನೊಬ್ಬರು ಬಲ್ಲವರಾದ್ದರಿಂದ ಅಗ್ಗದ ಬಡ್ಡಿಯ ಸಾಲ ಸಾಧ್ಯವೆಂಬದು ಅವರ ಉತ್ತರವಾಗಿತ್ತು. 1916ರಲ್ಲಿ ಧಾರವಾಡದ ಕರ್ನಾಟಕ ಸೆಂಟ್ರಲ್ ಸಹಕಾರಿ ಬೇಂಕು ಹುಟ್ಟಿದ್ದೂ ಆ ದಾರಿಯಲ್ಲಿಯೇ. ಈ ಸಂಘಗಳಲ್ಲಿ ದೋಷಗಳಿಲ್ಲವೆಂದು ನಾವು ಹೇಳುವದಿಲ್ಲ. ಸದಸ್ಯತ್ವ ಕೊಡುವಲ್ಲಿ ಪಕ್ಷಪಾತ, ಹಂಗಾಮು ಮೀರಿದ ಮೇಲೆ ಮಂಜೂರಾತಿ, ಊರ ರಾಜಕಾರಣ ಇವು ಇವೆ. ಆದರೆ ಸಂಘವು ಕೆಟ್ಟರೆ ಅದನ್ನು ತಿದ್ದಲು ಸದಸ್ಯನಿಗೆ ಒಂದು ಮತವಿದೆ. ಕಾರ್ಡಿನ ಶರತ್ತು ಕೆಟ್ಟರೆ ಕಾರ್ಡನ್ನು ಬಿಡುವ ಹೊರತು ಅವನಿಗೆ ಬೇರೆ ಉಪಾಯವಿಲ್ಲ. ಭೂಮಿಯಿಲ್ಲದ ನೌಕರನಿಗೆ ಬೆಳೆಸಾಲ ಸಿಕ್ಕದಾದರೂ, ಮಗಳ ಮದುವೆ, ಮನೆಯ ದುರಸ್ತಿ ಮೊದಲಾದ ದೊಡ್ಡ ಖರ್ಚು ಬಂದಾಗ ನೌಕರರ ಪತ್ತಿನ ಸಂಘದ ಬಡ್ಡಿಯನ್ನು ಕಾರ್ಡಿನ ಕಂತಿನ ಬಡ್ಡಿಯೊಡನೆ ಹೋಲಿಸಿ ನೋಡದೆ ಅವನು ಮುಂದುವರಿಯಬಾರದು.

ಇಷ್ಟು ಹೇಳಿದ ಮಾತ್ರಕ್ಕೆ ಕ್ರೆಡಿಟ್ ಕಾರ್ಡು ಸರ್ವಥಾ ತ್ಯಾಜ್ಯವೆಂಬದು ನಮ್ಮ ಅಭಿಪ್ರಾಯವಲ್ಲ. ಪ್ರತಿ ತಿಂಗಳೂ ಪೂರ್ತಿ ತುಂಬುವ ಶಿಸ್ತುಳ್ಳ ಪಗಾರದಾರನು 45-50 ದಿನಗಳ ವರೆಗೆ ಬಡ್ಡಿಯಿಲ್ಲದ ಹಣವನ್ನು ಬಳಸಿ, ಇನಾಮನ್ನೂ ಪಡೆಯುವನು. ಇದು ನ್ಯಾಯವಾದ ಲಾಭವೇ. ಅವಸರಕ್ಕೆ ಹುಬ್ಬಳ್ಳಿಯ ಆಸ್ಪತ್ರೆಗೆ ಓಡಬೇಕಾದ ರಾತ್ರಿಯಲ್ಲಿ ಕಿಸೆಯಲ್ಲಿ ಒಂದು ಕಾರ್ಡಿದ್ದರೆ ಅದರ ಬೆಲೆಯನ್ನು ಅಂಕಗಳಿಂದ ಅಳೆಯಲಾಗದು. ಹೀಗಿರುವದರಿಂದ ಪ್ರಶ್ನೆಯು ಕಾರ್ಡು ಬೇಕೇ ಬೇಡವೇ ಎಂಬದಲ್ಲ, ಯಾವ ಕಾರ್ಡು ಎಂಬದಾಗಿದೆ. ಅದನ್ನು ನಿರ್ಣಯಿಸಲು ನಾಲ್ಕು ಪರೀಕ್ಷೆಗಳು ಸಾಕು.

ಮೊದಲನೆಯದು: ಇನಾಮನ್ನು ಸೊನ್ನೆಯೆಂದು ಹಿಡಿದರೂ ಈ ಕಾರ್ಡನ್ನು ಇಟ್ಟುಕೊಳ್ಳುವೆನೋ ಎಂದು ಕೇಳಿಕೊಳ್ಳಬೇಕು. ಯಾಕಂದರೆ ಇಂದಿನ ಇನಾಮು ನಾಳೆ ಇರುವದೆಂಬ ಭರವಸೆಯಿಲ್ಲ. ಬೇಂಕು ತನ್ನ ಅಂಕಗಳ ಬೆಲೆಯನ್ನು ತಾನೇ ಇಳಿಸಬಲ್ಲದು. ಎರಡನೆಯದು: ಕಳೆದ ಹನ್ನೆರಡು ತಿಂಗಳ ಬಿಲ್ಲುಗಳನ್ನು ಮುಂದಿಟ್ಟುಕೊಂಡು, ನಿಜವಾಗಿ ಕೈಗೆ ಬಂದ ಹಣದಿಂದ ಶುಲ್ಕ, ತೆರಿಗೆ, ದಂಡಗಳನ್ನು ಕಳೆಯಬೇಕು, ಖಾತೆಯಲ್ಲಿ ಬಿದ್ದಿರುವ ಅಂಕಗಳನ್ನು ಹಣವೆಂದು ಎಣಿಸಬಾರದು. ಮೂರನೆಯದು: ಇನಾಮು ತಾನು ಹ್ಯಾಗೂ ಮಾಡುವ ಖರ್ಚಿಗೆ ಸಿಕ್ಕುವದೋ, ಇನಾಮಿಗಾಗಿ ಖರ್ಚು ಮಾಡಬೇಕಾಗುವದೋ? ಹುಬ್ಬಳ್ಳಿಗೆ ಬಸ್ಸಿನಲ್ಲಿಯೂ ಬೆಂಗಳೂರಿಗೆ ರೈಲಿನಲ್ಲಿಯೂ ಹೋಗುವ ಕುಂದಗೋಳದ ಗೃಹಸ್ಥನು ವಿಮಾನ ನಿಲ್ದಾಣದ ಉಪಾಹಾರಕ್ಕಾಗಿ ಸಾವಿರಗಟ್ಟಲೆ ಶುಲ್ಕ ಕೊಡುವದು ಯಾವ ಪುರುಷಾರ್ಥ? 2023ರ ಜೂನ 11ರಿಂದ ಸಾಮಾನ್ಯ ಬಸ್ಸಿನಲ್ಲಿ ಟಿಕೀಟಿನ ಹಣವನ್ನೇ ಕೊಡಬೇಕಾಗಿಲ್ಲದ ನಮ್ಮ ಹೆಣ್ಣುಮಕ್ಕಳಿಗೆ ಪ್ರವಾಸದ ಅಂಕಗಳು ಯಾತಕ್ಕೆ? ನಾಲ್ಕನೆಯದು: ಊರಲ್ಲಿ ಅದು ನಡೆಯುವದೋ? ಯುಪಿಐ ಫಲಕದ ಮೇಲೆ ರುಪೇ ಕ್ರೆಡಿಟ್ ಕಾರ್ಡು ನಡೆಯುವದು. ಆದರೆ ಫಲಕವು ವ್ಯಾಪಾರಿಯೆಂದು ನೋಂದಾಯಿತವಾಗಿರಬೇಕು, ಸ್ವಂತ ಖಾತೆಯ ಫಲಕವಾದರೆ ನಡೆಯದು. ರುಪೇ ಸ್ವದೇಶಿಯೆಂಬ ಅಭಿಮಾನವು ಯೋಗ್ಯವೇ. ಆದರೆ ಸ್ವದೇಶಿ ಕಾರ್ಡಿನ ಬಾಕಿಗೂ ಬಡ್ಡಿಯು ಬಡ್ಡಿಯೇ ಎಂಬದನ್ನು ಅಭಿಮಾನದ ಭರದಲ್ಲಿ ಮರೆಯಬಾರದು.

ಈ ಪರೀಕ್ಷೆಗಳಲ್ಲಿ ಸೋತ ಕಾರ್ಡುಗಳನ್ನು ಕತ್ತರಿಸಿ ಒಗೆದರೆ ಕೆಲಸ ಮುಗಿಯದು. ಬೇಂಕಿನ ಪುಸ್ತಕದಲ್ಲಿ ಅವು ಬದುಕಿರುವವು, ಶುಲ್ಕವೂ ಏರುತ್ತಿರುವದು. ಬಾಕಿಯನ್ನು ಪೂರ್ತಿ ತೀರಿಸಿ, ಅಂಕಗಳನ್ನು ಬಳಸಿಕೊಂಡು, ಕಾರ್ಡನ್ನು ಮುಚ್ಚಬೇಕೆಂದು ಲಿಖಿತವಾಗಿ ಕೇಳಬೇಕು. ರಿಝರ್ವ್ ಬೇಂಕು 2022ರಲ್ಲಿ ಹೊರಡಿಸಿದ ನಿಯಮಗಳಂತೆ, ಬಾಕಿಯಿಲ್ಲದ ಕಾರ್ಡನ್ನು ಏಳು ಕೆಲಸದ ದಿನಗಳೊಳಗೆ ಮುಚ್ಚದ ಬೇಂಕು ದಿನಕ್ಕೆ 500 ರೂಪಾಯಿಗಳಂತೆ ಗಿರಾಕಿಗೆ ದಂಡ ತೆರಬೇಕು. ಕೇಳದವನಿಗೆ ಕಾರ್ಡು ಕೊಡುವದೂ ಆ ನಿಯಮಗಳಲ್ಲಿ ನಿಷಿದ್ಧ. ಬಿಲ್ಲಿನ ತಾರೀಖನ್ನು ಒಮ್ಮೆಯಾದರೂ ಬದಲಿಸಿಕೊಳ್ಳುವ ಹಕ್ಕು ಗಿರಾಕಿಗಿದೆ. ಪಗಾರವಾದ ಮೇಲೆ ಬಿಲ್ಲಿನ ಅವಧಿ ಬರುವಂತೆ ಮಾಡಿಕೊಳ್ಳುವದು ಎಲ್ಲ ಇನಾಮುಗಳಿಗಿಂತ ಹೆಚ್ಚು ಲಾಭದ್ದು. ಬೇಂಕು ದೂರನ್ನು ತಳ್ಳಿಹಾಕಿದರೆ ಇಲ್ಲವೆ ಮೂವತ್ತು ದಿನಗಳಲ್ಲಿ ಉತ್ತರ ಕೊಡದಿದ್ದರೆ ರಿಝರ್ವ್ ಬೇಂಕಿನ ಓಂಬುಡ್ಸ್‌ಮನ್ನರಲ್ಲಿ ಖರ್ಚಿಲ್ಲದೆ ದೂರಿಡಬಹುದು. ಒಂದು ಎಚ್ಚರ ಮಾತ್ರ ಬೇಕು: ಬಹುಕಾಲದಿಂದ ಇರುವ ಕಾರ್ಡನ್ನು ಮುಚ್ಚಿದರೆ, ಸಾಲದ ಪತ್ತನ್ನು ಅಳೆಯುವ ಸಿಬಿಲ್ ಅಂಕವು ಇಳಿಯುವ ಸಂಭವವಿದೆ. ಆದುದರಿಂದ ಎಲ್ಲಕ್ಕೂ ಹಳೆಯದಾದ, ಶುಲ್ಕವಿಲ್ಲದ ಕಾರ್ಡನ್ನು ಇಟ್ಟುಕೊಂಡು ಹೊಸವನ್ನು ಬಿಡುವದು ಲೇಸು. ಹಳೆಯದಕ್ಕೆ ಶುಲ್ಕವಿದ್ದರೆ ಅದನ್ನು ಶುಲ್ಕವಿಲ್ಲದ ವರ್ಗಕ್ಕೆ ಬದಲಿಸಿಕೊಡಲು ಮೊದಲು ಕೇಳಬೇಕು.

ಅಧಿಕಾರಿಗಳಿಗೂ ಬೇಂಕುಗಳಿಗೂ ಒಂದು ಮಾತು. ಕಾರ್ಡಿನ ಅರ್ಜಿಯೊಡನೆ ಬಡ್ಡಿ ಶುಲ್ಕಗಳ ಮುಖ್ಯ ಸಂಗತಿಗಳ ಒಂದು ಪುಟವನ್ನು ಕೊಡಬೇಕೆಂದು ನಿಯಮವಿದೆ. ಆ ಪುಟವು ನಮ್ಮ ಜಿಲ್ಲೆಯಲ್ಲಿ ಕನ್ನಡದಲ್ಲಿರಬೇಕು. ತಿಂಗಳಿಗೆ ಮೂರೂವರೆ ಎಂದು ಮೃದುವಾಗಿ ಹೇಳದೆ ವರ್ಷಕ್ಕೆ ನಲವತ್ತೆರಡು ಎಂದು ದಪ್ಪಕ್ಷರಗಳಲ್ಲಿ ಹೇಳಬೇಕು. ಕಾರ್ಡನ್ನು ಮಾರುವಾಗ ಕನ್ನಡದಲ್ಲಿ ಮಾತನಾಡಬಲ್ಲವರಿಗೆ ಶರತ್ತುಗಳನ್ನು ಕನ್ನಡದಲ್ಲಿ ಬರೆಯಲು ಆಗದೆಂಬುದನ್ನು ನಾವು ನಂಬುವದಿಲ್ಲ. ಸಹಕಾರಿ ಸಂಘಗಳ ಚಾಲಕರೂ ಇದರಿಂದ ಪಾಠ ಕಲಿಯಬೇಕು. ಐದು ನಿಮಿಷದಲ್ಲಿ ಮೊಬೈಲಿನ ಮೇಲೆ ಸಿಕ್ಕುವ ನೂರಕ್ಕೆ 42ರ ಸಾಲದ ಮುಂದೆ, ಐದು ಸಲ ಅಲೆದರೂ ಸಿಕ್ಕದ ಬಡ್ಡಿಯಿಲ್ಲದ ಸಾಲವು ಸೋಲುವದು ಸಹಜ. ಜನರು ದುಬಾರಿ ಸಾಲಕ್ಕೆ ಬೀಳುವದು ಅಜ್ಞಾನದಿಂದ ಮಾತ್ರವಲ್ಲ, ಅಗ್ಗದ ಸಾಲದ ಬಾಗಿಲಲ್ಲಿ ಕಾದು ಬೇಸತ್ತುದರಿಂದಲೂ ಎಂಬದನ್ನು ಅವರು ಅರಿಯಬೇಕು.

ಅಸ್ತು. ರೈತನ ಮನೆಯಲ್ಲಿ ಸಂಘದ ಸದಸ್ಯತ್ವವೂ ಕಿಸಾನ್ ಕಾರ್ಡೂ ಇರಲಿ. ಪಗಾರದಾರನ ಕಿಸೆಯಲ್ಲಿ ಶುಲ್ಕವಿಲ್ಲದ ಒಂದು ಕಾರ್ಡು, ಅವಶ್ಯವಿದ್ದರೆ ಎರಡು, ಇರಲಿ. ಮಿಕ್ಕವು ಬಂದ ದಾರಿಯಿಂದಲೇ ತಿರುಗಿ ಹೋಗಲಿ. ಬರುವ ದೀಪಾವಳಿಯ ಪಾಡ್ಯಕ್ಕೆ ನಮ್ಮ ವ್ಯಾಪಾರಿಗಳು ಹೊಸ ಲೆಕ್ಕದ ಪುಸ್ತಕವನ್ನು ಪೂಜಿಸುವಾಗ, ಪ್ರತಿಯೊಬ್ಬ ಗೃಹಸ್ಥನೂ ತನ್ನ ಕಾರ್ಡುಗಳ ಲೆಕ್ಕವನ್ನು ಒಂದು ಹಾಳೆಯಲ್ಲಿ ಬರೆದು ನೋಡಲಿ. ಬರೆದು ನೋಡಲು ಅಂಜಿಕೆಯಾಗುವ ಕಾರ್ಡು ಯಾವದೋ, ಮೊದಲು ಬಿಡಬೇಕಾದದ್ದು ಅದೇ.